ಗಿಟಾರಿನಿಂದ ಮಿಡಿ: ಅಪಶ್ರುತಿಗೆ ಪಿಕಪ್ಪನ್ನು ದೂರಬೇಡಿ

ಎಲೆಕ್ಟ್ರಿಕ್ ಗಿಟಾರಿನಲ್ಲೇ ಕೊಳಲು, ವಯಲಿನ್, ಚೆಲ್ಲೊ ನುಡಿಸಬಹುದೆಂಬ ಆಸೆಗೆ ಮಿಡಿ ಪಿಕಪ್ ಕೊಂಡವರಲ್ಲಿ ಹಲವರು ತಿಂಗಳೊಪ್ಪತ್ತಿನಲ್ಲೇ ಅದನ್ನು ಮಾರಾಟಕ್ಕೆ ಇಡುತ್ತಾರೆ. ಯಾಕೆಂದು ಕೇಳಿದರೆ ಉತ್ತರ ಒಂದೇ: ‘ಸ್ವರ ತಡವಾಗಿ ಬರುತ್ತೆ, ಬಂದರೂ ಅಪಶ್ರುತಿ.’ ಮೊದಲನೇ ದೂರಿನಲ್ಲಿ ಅರ್ಧ ಸತ್ಯವಿದೆ. ಎರಡನೆಯದು ಬಹುತೇಕ ಸೆಟ್ಟಿಂಗಿನ ತಪ್ಪು. ಅದನ್ನು ಸರಿಪಡಿಸಲು ಹೊಸದೇನೂ ಕೊಳ್ಳಬೇಕಿಲ್ಲ.

ಮಿಡಿ ಎಂದರೆ ಶಬ್ದವಲ್ಲ, ಸೂಚನೆ. ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳು ಒಂದಕ್ಕೊಂದು ಅರ್ಥವಾಗಲೆಂದು 1983ರಲ್ಲಿ ಬಂದ ವ್ಯವಸ್ಥೆ ಇದು. ‘64ನೇ ಸ್ವರ, ಇಷ್ಟು ಜೋರಿನಲ್ಲಿ, ಈಗ ಶುರು, ಈಗ ನಿಲ್ಲಿಸು’ ಎಂಬಷ್ಟೇ ಅದರಲ್ಲಿ ಹರಿಯುವುದು. ಕೀಬೋರ್ಡಿನ ಪ್ರತಿ ಕೀಯ ಕೆಳಗೂ ಸ್ವಿಚ್ ಇರುವುದರಿಂದ ಅಲ್ಲಿ ಇದು ಸಲೀಸು. ಗಿಟಾರಿನಲ್ಲಿ ಸ್ವಿಚ್ಚೇ ಇಲ್ಲ. ತಂತಿಯ ಕಂಪನ ನೋಡಿ ಸ್ವರ ಯಾವುದೆಂದು ಯಂತ್ರ ಊಹಿಸಬೇಕು. ತೊಂದರೆಗಳೆಲ್ಲ ಆ ಊಹೆಯಲ್ಲೇ ಹುಟ್ಟುವುದು.

ಯಾವ ದಾರಿ?

ಖರ್ಚು ಕಡಿಮೆ ಇರುವುದು ಸಾಫ್ಟ್‌ವೇರ್ ದಾರಿ. ನಿಮ್ಮ ಗಿಟಾರು, ಮಾಮೂಲಿ ಕೇಬಲ್, ಒಂದು ಆಡಿಯೊ ಇಂಟರ್‌ಫೇಸ್, ಕಂಪ್ಯೂಟರ್ ಇದ್ದರೆ ಸಾಕು. ಜಾಮ್ ಒರಿಜಿನ್‌ನವರ ಮಿಡಿ ಗಿಟಾರ್‌ನಂಥ ತಂತ್ರಾಂಶ ಒಂದೇ ತಂತಿಯದಷ್ಟೇ ಅಲ್ಲ, ಕಾರ್ಡ್‌ಗಳನ್ನೂ ಗುರುತಿಸುತ್ತದೆ. ಆದರೆ ಆರೂ ತಂತಿಗಳ ಶಬ್ದ ಒಂದಾಗಿ ಬರುವುದರಿಂದ ಯಾವ ಸ್ವರ ಯಾವ ತಂತಿಯದೆಂದು ಅದಕ್ಕೆ ಖಚಿತವಾಗಿ ಗೊತ್ತಾಗದು. ಆದರೂ ಶುರು ಮಾಡುವವರಿಗೆ ನನ್ನ ಸಲಹೆ ಈ ದಾರಿಯೇ.

ಎರಡನೆಯದು ಹೆಕ್ಸಾಫೋನಿಕ್ ಪಿಕಪ್. ಇದರಲ್ಲಿ ತಂತಿಗೊಂದು ಪುಟ್ಟ ಪಿಕಪ್ ಇರುತ್ತದೆ. ರೋಲ್ಯಾಂಡ್‌ನ ಜಿಕೆ-3, ಫಿಶ್‌ಮನ್‌ನ ಟ್ರಿಪಲ್‌ಪ್ಲೇ ಈ ಜಾತಿಯವು. ಸೆಕೆಂಡ್ ಹ್ಯಾಂಡ್ ಜಿಕೆ-3 ಕೊಳ್ಳುವವರು ಎರಡು ಸಂಗತಿ ತಿಳಿದಿರಬೇಕು. ಅದರ 13 ಪಿನ್ನಿನ ಕೇಬಲ್ಲಿನಲ್ಲಿ ಹರಿಯುವುದು ಮಿಡಿ ಅಲ್ಲ, ಆರು ತಂತಿಗಳ ಬೇರೆ ಬೇರೆ ಶಬ್ದ. ಮಿಡಿಯಾಗಿಸಲು ಇನ್ನೊಂದು ಪೆಟ್ಟಿಗೆ ಬೇಕೇ ಬೇಕು. ಮತ್ತು ಈಗಿನ ಜಿಕೆ-5 ಬಳಸುವ ಡಿಜಿಟಲ್ ಸಂಪರ್ಕಕ್ಕೆ ಹಳೆಯ 13 ಪಿನ್ ನೇರವಾಗಿ ಕೂರುವುದಿಲ್ಲ, ನಡುವೆ ಪರಿವರ್ತಕ ಹಾಕಬೇಕು. ‘ಎಲ್ಲಾ ಒಂದೇ ಸರ್’ ಎನ್ನುವ ಮಾರಾಟಗಾರನ ಮಾತು ನಂಬಬೇಡಿ.

ವೇದಿಕೆಯ ಮೇಲೆ ನುಡಿಸುವ ಇರಾದೆಯೇ ಇಲ್ಲದವರಿಗೆ ಇದ್ಯಾವುದೂ ಬೇಡ. ಗಿಟಾರನ್ನು ಮಾಮೂಲಿಯಾಗಿ ರೆಕಾರ್ಡ್ ಮಾಡಿ, ಆಮೇಲೆ ಏಬಲ್ಟನ್ ಲೈವ್ ಅಥವಾ ಮೆಲೊಡೈನ್‌ನಲ್ಲಿ ಮಿಡಿಗೆ ಬದಲಿಸಿಕೊಂಡರಾಯಿತು. ತಡವಾಗುವ ಪ್ರಶ್ನೆಯೇ ಬರುವುದಿಲ್ಲ.

ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೆನಿಯ ಆ ತುತ್ತೂರಿಯಂಥ ಗಿಟಾರ್ ನಾದಕ್ಕೆ ಮರುಳಾಗಿ ಇತ್ತ ಬಂದವರಿಗೊಂದು ಮಾತು: ಅದು ಮಿಡಿ ಅಲ್ಲ. 1980ರ ರೋಲ್ಯಾಂಡ್ ಜಿಆರ್-300 ಎಂಬ ಅನಲಾಗ್ ಸಿಂಥ್ ಅದು. ಅದರ ತಕ್ಷಣದ ಸ್ಪಂದನವನ್ನು ಮಿಡಿಯಿಂದ ನಿರೀಕ್ಷಿಸಿದರೆ ನಿರಾಸೆ ಖಾತ್ರಿ.

ಮೊದಲು ಗಿಟಾರು, ಆಮೇಲೆ ಗಣಕ

ಹೊಸ ತಂತಿ ಹಾಕಿ, ಶ್ರುತಿ ಮಾಡಿ. 12ನೇ ಫ್ರೆಟ್ ಒತ್ತಿದಾಗ ಬರುವ ಸ್ವರವನ್ನೂ ಟ್ಯೂನರಿನಲ್ಲಿ ನೋಡಿ. ಅಲ್ಲಿ ಸೂಜಿ ಆಚೀಚೆ ಹೋದರೆ ಸೇತುವೆಯ ಸ್ಯಾಡಲ್ ಸರಿಸಿ ಇಂಟೊನೇಶನ್ ಸರಿಪಡಿಸಿ. ಕಿವಿ ಕ್ಷಮಿಸುವ ಸಣ್ಣ ತಪ್ಪನ್ನು ಮಿಡಿ ಕ್ಷಮಿಸುವುದಿಲ್ಲ. ಫ್ರೆಟ್ಟಿಗೆ ತಾಗಿ ಝುಂಯ್‌ಗುಡುವ ತಂತಿಯಿಂದ ಸುಳ್ಳು ಸ್ವರಗಳು ಹುಟ್ಟುತ್ತವೆ.

ಜಿಕೆ-3 ಕೂರಿಸುವವರು ಅದನ್ನು ಸೇತುವೆಗೆ ಆದಷ್ಟು ಹತ್ತಿರ ಕೂರಿಸಿ. ನಡುವೆ 20 ಮಿಲಿಮೀಟರ್ ಮೀರಬಾರದು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್ಪಿಗೂ ಸುಮಾರು 1 ಮಿಲಿಮೀಟರ್ ಅಂತರವಿರಬೇಕು. ನೈಲಾನ್ ತಂತಿಗೆ ಇದು ಕೆಲಸ ಮಾಡದು, ಕಾಂತೀಯ ಪಿಕಪ್ಪಿಗೆ ಉಕ್ಕಿನ ತಂತಿಯೇ ಆಗಬೇಕು.

ಸಾಫ್ಟ್‌ವೇರ್ ದಾರಿಯವರು ಕೇಬಲ್ಲನ್ನು ಇಂಟರ್‌ಫೇಸಿನ ‘ಇನ್ಸ್ಟ್’ ಅಥವಾ ‘ಹೈ-ಝೀ’ ಎಂದು ಬರೆದಿರುವ ತೂತಿಗೇ ಚುಚ್ಚಿ. ನಡುವೆ ಡಿಸ್ಟಾರ್ಷನ್, ಕೋರಸ್, ರಿವರ್ಬ್ ಯಾವ ಪೆಡಲೂ ಬೇಡ. ಗಿಟಾರಿನ ವಾಲ್ಯೂಮ್ ಪೂರ್ತಿ ತೆರೆದು, ಎಷ್ಟು ಜೋರಾಗಿ ಬಾರಿಸಿದರೂ ಮೀಟರು ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡಿ. ನೆಕ್ ಪಿಕಪ್ಪಿನಲ್ಲಿ ಮೂಲಸ್ವರ ದುಂಡಗೆ ಬರುವುದರಿಂದ ಊಹೆಗೆ ಅನುಕೂಲ ಎಂಬುದು ನನ್ನ ಅನುಭವ.

ತಡ: ಎಷ್ಟು ನಿಮ್ಮದು, ಎಷ್ಟು ಪ್ರಕೃತಿಯದು

ದಪ್ಪ ಇ ತಂತಿ ಸೆಕೆಂಡಿಗೆ 82 ಸಲ ಕಂಪಿಸುತ್ತದೆ. ಒಂದು ಕಂಪನಕ್ಕೆ 12 ಮಿಲಿಸೆಕೆಂಡು. ಸ್ವರ ಗುರುತಿಸಲು ಯಂತ್ರ ಎರಡು ಕಂಪನ ನೋಡಬೇಕೆಂದುಕೊಂಡರೂ 24 ಮಿಲಿಸೆಕೆಂಡು ಅಲ್ಲೇ ಹೋಯಿತು. ಸಣ್ಣ ಇ ತಂತಿ ಸೆಕೆಂಡಿಗೆ 330 ಸಲ ಕಂಪಿಸುವುದರಿಂದ ಅಲ್ಲಿ 6 ಮಿಲಿಸೆಕೆಂಡು ಸಾಕು. ಎಷ್ಟೇ ದುಬಾರಿ ಪೆಟ್ಟಿಗೆ ತಂದರೂ ಮಂದ್ರದ ಸ್ವರ ಹಿಂದೆ ಬೀಳುವುದು ಹೀಗೆ. ಬೇಸ್ ನುಡಿಸಬೇಕಾದರೆ ಒಂದು ಸ್ಥಾಯಿ ಮೇಲೆ ನುಡಿಸಿ, ಸಿಂಥ್‌ನಲ್ಲಿ ಟ್ರಾನ್ಸ್‌ಪೋಸ್ ಮೈನಸ್ 12 ಮಾಡಿ. ಹಳಬರೆಲ್ಲ ಮಾಡುವುದು ಇದನ್ನೇ.

ನಿಮ್ಮ ಕೈಯಲ್ಲಿರುವುದು ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಒಟ್ಟುಗೂಡಿಸಿ ಸಾಗಿಸುವ ಶಬ್ದದ ಕಂತು. 44.1 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಇಟ್ಟರೆ 23 ಮಿಲಿಸೆಕೆಂಡು ವ್ಯರ್ಥ. 128ಕ್ಕೆ ಇಳಿಸಿದರೆ ಸುಮಾರು 3. ಒಳಬರುವಾಗಲೂ ಹೊರಹೋಗುವಾಗಲೂ ಈ ತಡ ಸೇರಿಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ. ವಿಂಡೋಸ್‌ನವರು ಇಂಟರ್‌ಫೇಸ್ ಕಂಪನಿಯದೇ ಏಸಿಯೊ ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ.

ತಂತಿಗೊಂದು ಚಾನೆಲ್

ಮಿಡಿಯ ಒಂದು ಸಂಪರ್ಕದಲ್ಲಿ 16 ಚಾನೆಲ್‌ಗಳಿವೆ. ತಂತಿಯ ಶಬ್ದವನ್ನು ಮಿಡಿಯಾಗಿಸುವ ಪರಿವರ್ತಕ (ಪೆಟ್ಟಿಗೆಯಿರಲಿ, ತಂತ್ರಾಂಶವಿರಲಿ) ‘ಪಾಲಿ’ ಮೋಡಿನಲ್ಲಿದ್ದರೆ ಆರೂ ತಂತಿಗಳು ಒಂದೇ ಚಾನೆಲ್ಲಿನಲ್ಲಿ ಹೋಗುತ್ತವೆ. ಆಗ ಕಾರ್ಡ್ ಹಿಡಿದು ಒಂದು ತಂತಿಯನ್ನು ಬಗ್ಗಿಸಿದರೆ ಉಳಿದ ಸ್ವರಗಳೂ ಜೊತೆಗೆ ಎಳೆದಾಡುತ್ತವೆ, ಏಕೆಂದರೆ ಬಗ್ಗಿಸುವ ಸೂಚನೆ ಇಡೀ ಚಾನೆಲ್ಲಿಗೆ ಅನ್ವಯ. ಹೆಕ್ಸಾಫೋನಿಕ್ ಪಿಕಪ್ ಇದ್ದರೆ ತಂತಿಗೊಂದು ಚಾನೆಲ್ ಸಿಗುವ ‘ಮೋನೊ’ ಮೋಡಿಗೆ ಹಾಕಿ, ಸಿಂಥ್‌ನಲ್ಲೂ ಅದೇ ಆರು ಚಾನೆಲ್‌ಗಳಲ್ಲಿ ಅದೇ ನಾದ ಇಡಿ. ಪ್ರತಿ ಸ್ವರಕ್ಕೂ ತನ್ನದೇ ಚಾನೆಲ್ ಕೊಡುವ ಎಂಪಿಇ ವ್ಯವಸ್ಥೆಯ ಬೆಂಬಲವಿರುವ ಸಿಂಥ್ ಆದರೆ ಅದನ್ನು ಆನ್ ಮಾಡಿದರೆ ಸಾಕು.

ಬೆಂಡ್ ರೇಂಜ್: ಇಲ್ಲೇ ಎಲ್ಲರೂ ಎಡವುವುದು

ತಂತಿ ಬಗ್ಗಿಸಿದಾಗ ಪರಿವರ್ತಕ ‘ಎರಡು ಅರ್ಧಸ್ವರ ಏರಿಸು’ ಎಂದು ಹೇಳುವುದಿಲ್ಲ. ಅದು ಕಳಿಸುವುದು 0ಯಿಂದ 16383ರವರೆಗಿನ ಒಂದು ಸಂಖ್ಯೆ ಮಾತ್ರ. 8192 ಎಂದರೆ ನಡುಮಧ್ಯ, ಬಗ್ಗಿಸಿಲ್ಲ ಎಂದು. ತುತ್ತತುದಿಯ ಸಂಖ್ಯೆ ಎಂದರೆ ಎಷ್ಟು ಅರ್ಧಸ್ವರ? ಅದನ್ನು ಕಳಿಸುವವನೂ ಪಡೆಯುವವನೂ ತಂತಮ್ಮಲ್ಲಿ ಬೇರೆ ಬೇರೆ ಬರೆದುಕೊಂಡಿರುತ್ತಾರೆ. ಅದೇ ಬೆಂಡ್ ರೇಂಜ್. ಒಬ್ಬ ಅಡಿಯಲ್ಲಿ ಹೇಳಿದ್ದನ್ನು ಇನ್ನೊಬ್ಬ ಗಜವೆಂದು ಹಿಡಿದು ಬಟ್ಟೆ ಕತ್ತರಿಸಿದರೆ ಏನಾಗುತ್ತದೋ ಇಲ್ಲಿಯೂ ಅದೇ.

ಸಿಂಥ್‌ಗಳು ಸಾಮಾನ್ಯವಾಗಿ ಕಾರ್ಖಾನೆಯಿಂದ 2 ಅರ್ಧಸ್ವರಕ್ಕೆ ಹೊಂದಿಸಿ ಬರುತ್ತವೆ, ಕೀಬೋರ್ಡಿನ ಚಕ್ರಕ್ಕೆ ಅಷ್ಟು ಸಾಕು. ಗಿಟಾರ್ ಪರಿವರ್ತಕಗಳಲ್ಲಿ 12 ಅಥವಾ 24 ಇರುವುದು ವಾಡಿಕೆ, ಏಕೆಂದರೆ ಫ್ರೆಟ್‌ಗಳ ಮೇಲೆ ಬೆರಳು ಜಾರಿಸುವುದೂ ಬೆಂಡ್ ಆಗಿಯೇ ಹೋಗುತ್ತದೆ. ಪರಿವರ್ತಕ 24, ಸಿಂಥ್ 2 ಎಂದಿದ್ದರೆ ನೀವು ಪೂರ್ತಿ ಎರಡು ಅರ್ಧಸ್ವರ ಬಗ್ಗಿಸಿದರೂ ಕೇಳಿಸುವುದು ಅರ್ಧಸ್ವರದ ಆರನೇ ಒಂದು ಭಾಗ. ‘ಬೆಂಡ್ ಕೆಲಸವೇ ಮಾಡ್ತಿಲ್ಲ’ ಎಂಬ ದೂರು ಇಲ್ಲಿಂದ ಬರುತ್ತದೆ.

ತಿರುಗಾಮುರುಗಾ ಆದಾಗ ಅನಾಹುತ ಇನ್ನೂ ದೊಡ್ಡದು. ಪರಿವರ್ತಕ 2, ಸಿಂಥ್ 12 ಇದೆ ಎನ್ನೋಣ. ಫ್ರೆಟ್ಟನ್ನು ಸ್ವಲ್ಪ ಬಿಗಿಯಾಗಿ ಒತ್ತಿ ಸ್ವರ 10 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಏರಿತು. ಗಿಟಾರಿನಲ್ಲಿ ಅದು ಯಾರಿಗೂ ಕೇಳಿಸದು. ಸಿಂಥ್‌ನಲ್ಲಿ 60 ಸೆಂಟ್ ಆಗಿ ಕೂಗುತ್ತದೆ, ಅಂದರೆ ಅರ್ಧಸ್ವರದ ಅರ್ಧಕ್ಕಿಂತಲೂ ಹೆಚ್ಚು. ಬಗ್ಗಿಸದೆಯೇ ಅಪಶ್ರುತಿ! ಪಿಕಪ್ಪನ್ನು ಮಾರಿಸುವುದು ಇದೇ.

ಪರೀಕ್ಷೆ ಹೀಗೆ ಮಾಡಿ. ಉದ್ದ ಉಸಿರಿನ ಕೊಳಲು ಅಥವಾ ಲೀಡ್ ನಾದ ತೆಗೆದುಕೊಳ್ಳಿ. ಎರಡನೇ ತಂತಿಯ 8ನೇ ಫ್ರೆಟ್ ಮೀಟಿ, 10ನೇ ಫ್ರೆಟ್ಟಿನ ಸ್ವರ ಬರುವವರೆಗೆ ಬಗ್ಗಿಸಿ. ಗಿಟಾರಿನ ಸ್ವಂತ ಶಬ್ದವೂ ಸಿಂಥ್ ಶಬ್ದವೂ ಒಟ್ಟಿಗೆ ಕೇಳಿಸುವಂತಿರಲಿ. ಎರಡೂ ಒಂದೇ ಸ್ವರದಲ್ಲಿ ನಿಂತರೆ ಗೆದ್ದಿರಿ. ಸಿಂಥ್ ಹಿಂದುಳಿದರೆ ಅದರ ರೇಂಜ್ ಹೆಚ್ಚಿಸಿ, ಮುಂದೆ ಓಡಿದರೆ ಇಳಿಸಿ. ಆಮೇಲೆ 5ನೇ ಫ್ರೆಟ್ಟಿನಿಂದ 12ಕ್ಕೆ ಜಾರಿಸಿ ನೋಡಿ. ಸಣ್ಣ ತಪ್ಪಿದ್ದರೂ ಉದ್ದದ ಜಾರಿನಲ್ಲಿ ಬಯಲಾಗುತ್ತದೆ. ಎರಡೂ ಕಡೆ 24 ಇಡುವುದು ನನ್ನ ರೂಢಿ. ಎಂಪಿಇ ಸಿಂಥ್‌ಗಳು ಹುಟ್ಟಾ 48ರಲ್ಲಿರುತ್ತವೆ, ಅಲ್ಲಿ ಪರಿವರ್ತಕವನ್ನೂ 48ಕ್ಕೆ ಒಯ್ಯಿರಿ.

ಇಷ್ಟು ಮಾಡಿ ಖುಷಿಯಾಗಿ ಬೇರೆ ನಾದ ಆರಿಸಿಕೊಳ್ಳುತ್ತೀರಿ, ಮತ್ತೆ ಅಪಶ್ರುತಿ. ಬೆಂಡ್ ರೇಂಜ್ ಹಲವು ಸಿಂಥ್‌ಗಳಲ್ಲಿ ಪ್ರತಿ ಪ್ರೀಸೆಟ್ಟಿನ ಒಳಗೇ ಅವಿತಿರುತ್ತದೆ. ಹೊಸ ಪ್ರೀಸೆಟ್ ಬಂದ ಕೂಡಲೇ ಅದು ಹಳೆಯ 2ಕ್ಕೆ ಮರಳುತ್ತದೆ. ಆದ್ದರಿಂದ ಬಳಸುವ ಪ್ರತಿಯೊಂದು ನಾದವನ್ನೂ ಸರಿಪಡಿಸಿ, ನಿಮ್ಮದೇ ಹೆಸರು ಕೊಟ್ಟು ಸೇವ್ ಮಾಡಿಟ್ಟುಕೊಳ್ಳಿ. ಮೋನೊ ಮೋಡಿನವರು ಆರೂ ಚಾನೆಲ್‌ಗಳಲ್ಲಿ ನೋಡಬೇಕು. ಐದು ಸರಿಮಾಡಿ ಒಂದನ್ನು ಬಿಟ್ಟವರು ‘ಮೂರನೇ ತಂತಿ ಕೆಟ್ಟಿದೆ’ ಎಂದು ರಿಪೇರಿಯವರ ಬಳಿ ಓಡುತ್ತಾರೆ.

ಕರ್ನಾಟಕ ಸಂಗೀತ ನುಡಿಸುವವರಿಗೆ ಇದು ಇನ್ನೂ ಮುಖ್ಯ. ತೋಡಿಯ ಗಾಂಧಾರ ರಿಷಭದಿಂದ ಮಧ್ಯಮದವರೆಗೆ ತೂಗಾಡುತ್ತದೆ, ಅಂದರೆ ನಾಲ್ಕು ಅರ್ಧಸ್ವರ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೀರ್ತನೆ ನುಡಿಸುವ ಆರ್. ಪ್ರಸನ್ನ ಅವರ ದಾರಿ ಹಿಡಿದು ನೀವು ಅದನ್ನು ಒಂದೇ ಮೀಟಿನಲ್ಲಿ ಎಳೆದಿರಿ ಎನ್ನಿ. 2ರ ರೇಂಜಿನೊಳಗೆ ಅದು ಹಿಡಿಸುವುದೇ ಇಲ್ಲ. ಇನ್ನು ಪರಿವರ್ತಕದಲ್ಲಿ ‘ಕ್ರೊಮ್ಯಾಟಿಕ್’ ಅಥವಾ ‘ಕ್ವಾಂಟೈಸ್’ ಎಂಬ ಗುಂಡಿ ಆನ್ ಇದ್ದರಂತೂ ಕಂಪಿತ ಹೋಗಿ ಬಿಡಿ ಬಿಡಿ ಸ್ವರಗಳ ಸರಮಾಲೆ ಬರುತ್ತದೆ. ಗಮಕ ಬೇಕಾದರೆ ಆ ಗುಂಡಿ ಆಫ್. ಪಿಯಾನೊ, ಮರಿಂಬಾದಂಥ ನಾದಕ್ಕೆ ಆನ್, ಏಕೆಂದರೆ ಪಿಯಾನೊದ ತಂತಿ ಬಗ್ಗುವುದಿಲ್ಲ, ಬಗ್ಗಿದರೆ ನಗೆಪಾಟಲು.

ಕೈ ಮತ್ತು ರೆಕಾರ್ಡಿಂಗ್

ಒಂದು ಸ್ವರ ಬಿಟ್ಟ ಮೇಲೆ ತಂತಿ ಗುನುಗದಂತೆ ಎರಡೂ ಕೈಯಿಂದ ಅದುಮಿ. ಪಿಕ್ಕಿನ ಉಜ್ಜಾಟಕ್ಕೂ ಯಂತ್ರ ಸ್ವರ ಕಟ್ಟುತ್ತದೆ. ಇಂಥ ಭೂತಸ್ವರ ಜಾಸ್ತಿಯಾದರೆ ಪರಿವರ್ತಕದ ಥ್ರೆಶೋಲ್ಡ್ (ಎಷ್ಟು ಜೋರಿನ ಶಬ್ದವನ್ನು ಸ್ವರವೆಂದು ಎಣಿಸಬೇಕೆಂಬ ಮಿತಿ) ತುಸು ಏರಿಸಿ. ಭರಭರನೆ ಸ್ಟ್ರಮ್ ಮಾಡುವುದು ಈ ಕೆಲಸಕ್ಕೆ ಹೇಳಿದ್ದಲ್ಲ; ಹಾರ್ಮೋನಿಯಂ ನಾದಕ್ಕೆ ಯಾರೂ ಹಾಗೆ ಬಾರಿಸುವುದಿಲ್ಲ ತಾನೆ.

ಹಳೆಯ ಐದು ಪಿನ್ನಿನ ಮಿಡಿ ಕೇಬಲ್ ಸೆಕೆಂಡಿಗೆ 31,250 ಬಿಟ್ ಮಾತ್ರ ಸಾಗಿಸುತ್ತದೆ. ಒಂದು ಸ್ವರದ ಸೂಚನೆಗೆ ಸುಮಾರು 1 ಮಿಲಿಸೆಕೆಂಡು. ಆರು ತಂತಿಯ ಕಾರ್ಡ್, ಮೇಲೆ ಬೆಂಡ್‌ಗಳ ಸುರಿಮಳೆ ಎಂದರೆ ಅದು ಏದುಸಿರು ಬಿಡುತ್ತದೆ. ಯುಎಸ್‌ಬಿ ಇದ್ದರೆ ಅದನ್ನೇ ಬಳಸಿ.

ರೆಕಾರ್ಡ್ ಮಾಡುವಾಗ ಮಿಡಿಯ ಜೊತೆ ಗಿಟಾರಿನ ಆಡಿಯೊವನ್ನೂ ಬೇರೆ ಟ್ರ್ಯಾಕಿನಲ್ಲಿ ಹಿಡಿದಿಡಿ. ಆಮೇಲೆ ತೀರಾ ಗಿಡ್ಡ, ತೀರಾ ಮೆತ್ತಗಿನ ಸ್ವರಗಳನ್ನು ಆರಿಸಿ ಅಳಿಸಿ. ಸ್ವರ ನಿಲ್ಲದೆ ಗುಂಯ್‌ಗುಟ್ಟುತ್ತಿದ್ದರೆ ‘ಪ್ಯಾನಿಕ್’ ಗುಂಡಿ ಒತ್ತಿ. ಸ್ವರಲಿಪಿ ತಂತ್ರಾಂಶಕ್ಕೆ ಒಯ್ದಾಗ ಎಲ್ಲವೂ ಒಂದು ಸ್ಥಾಯಿ ಕೆಳಗೆ ಬಂದು ಬೀಳುತ್ತದೆ. ಅದು ತಪ್ಪಲ್ಲ, ಗಿಟಾರು ಬರೆಯುವುದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುವ ವಾದ್ಯ. ವಾದ್ಯಗಳ ಪಟ್ಟಿಯಲ್ಲಿ ಪಿಯಾನೊ ಬದಲು ಗಿಟಾರ್ ಆರಿಸಿ.