ನೀರಲ್ಲಿ ನಿಂತ ಕಾರಿಗೆ ಸೆಲ್ಫ್ ಹೊಡೆಯಬೇಡಿ

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಜೋರು ಹಿಡಿದರೆ ಕಾವೇರಿ ಉಕ್ಕಿ ಬೊಳಿಬಾಣೆಯಲ್ಲಿ ನಾಪೋಕ್ಲು–ಮೂರ್ನಾಡು ರಸ್ತೆಗೆ ನೀರು ಬರುತ್ತದೆ. ಚೆರಿಯಪರಂಬಿನಲ್ಲೂ ಇದೇ ಪಾಡು. ಮುಂದಿನ ಜೀಪು ದಾಟಿತೆಂದು ಕಾರು ಇಳಿಸಿದವರು ನಡುನೀರಲ್ಲಿ ಸಿಕ್ಕಿಕೊಳ್ಳುತ್ತಾರೆ. ಬಹಳಷ್ಟು ಕಾರುಗಳಲ್ಲಿ ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಗ್ರಿಲ್ಲಿನ ಹಿಂದೆಯೇ ಇರುತ್ತದೆ. ಎದುರಿಗೆ ಬಸ್ಸು ಬಂದರೆ ಅದರ ಅಲೆಯೇ ಸಾಕು, ನೀರು ಒಳಗೆ.

ಎಂಜಿನ್ ಆಫ್ ಆದ ತಕ್ಷಣ ಎಲ್ಲರೂ ಮಾಡುವುದು ಒಂದೇ: ಮತ್ತೆ ಮತ್ತೆ ಕೀ ತಿರುಗಿಸುವುದು. ದೊಡ್ಡ ಹಾನಿಯಾಗುವುದು ಹೆಚ್ಚಾಗಿ ಆಗಲೇ. ಪಿಸ್ಟನ್ ಗಾಳಿಯನ್ನು ಒತ್ತಿ ಕುಗ್ಗಿಸುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಅಂಥ ಎಂಜಿನ್ ಕೆಲವೊಮ್ಮೆ ಸ್ಟಾರ್ಟ್ ಆಗಿ ಮನೆಗೂ ತಲುಪಿಸುತ್ತದೆ. ಆಮೇಲೆ ಯಾವತ್ತೋ ರಾಡ್ ಮುರಿದು ಬ್ಲಾಕನ್ನೇ ಒಡೆಯುತ್ತದೆ. ತಳ್ಳಿ ಗೇರಿಗೆ ಹಾಕುವುದು ಇನ್ನೂ ಅಪಾಯ. ಸಹಾಯಕ್ಕೆ ಬಂದವರು 'ಒಂದ್ಸಲ ನೋಡುವ' ಎಂದರೂ ಒಪ್ಪಬೇಡಿ.

ಬದಲಿಗೆ ಹೀಗೆ ಮಾಡಿ. ನೀರು ಏರುತ್ತಿದ್ದರೆ ಮೊದಲು ಜನ ಇಳಿದು ದಡ ಸೇರಲಿ, ಕಾರು ಆಮೇಲೆ. ಇಗ್ನಿಷನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ತಳ್ಳಿ ಒಣ ಜಾಗಕ್ಕೆ ತನ್ನಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿ ಒಳಗೆ ಕೈಯಾಡಿಸಿ. ಫಿಲ್ಟರಿನ ಕಾಗದ ಒದ್ದೆಯಾಗಿದೆಯೇ, ಡಬ್ಬಿಯ ತಳದಲ್ಲಿ ನೀರಿದೆಯೇ? ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಮಟ್ಟ ಗುರುತಿಗಿಂತ ಮೇಲಿದ್ದರೆ ನೀರು ಸೇರಿದೆ. ಇವುಗಳಲ್ಲಿ ಒಂದು ಕಂಡರೂ ಕೀ ಮುಟ್ಟದೆ ಟೋ ಮಾಡಿಸಿ. ಆಟೋಮ್ಯಾಟಿಕ್ ಕಾರಾದರೆ ಹಗ್ಗ ಕಟ್ಟಿ ಎಳೆಸಬೇಡಿ, ಲಾರಿಗೇ ಹತ್ತಿಸಿ. ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಇಂಜೆಕ್ಟರ್, ಬಿಚ್ಚಿ ನೀರು ಹೊರಹಾಕಿ ಆಯಿಲ್ ಬದಲಿಸುವುದು ಮೆಕ್ಯಾನಿಕ್ ಕೆಲಸ.

ಸಾಮಾನ್ಯ ವಿಮೆಯಲ್ಲಿ ಈ ಖರ್ಚು ಹೆಚ್ಚಾಗಿ ಸಿಗುವುದಿಲ್ಲ. ನಮ್ಮ ಕಡೆಯವರು 'ಎಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ವಿಮೆ ಸೇರಿಸಿಕೊಳ್ಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಿದ್ದರೂ, ನೀರಲ್ಲಿ ನಿಂತ ಮೇಲೆ ಸೆಲ್ಫ್ ಹೊಡೆದಿದ್ದರೆ ಕ್ಲೇಮ್‌ಗೆ ತಕರಾರು ಬರಬಹುದು. ಪಾಲಿಸಿಯ ಷರತ್ತು ಓದಿಕೊಳ್ಳಿ.

ಉಳಿದ ದಿನಗಳ ಆರೈಕೆಗೆ ಇಷ್ಟು: ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಕಾರು ಸಮತಟ್ಟಾಗಿ ನಿಂತಿರುವಾಗ ಆಯಿಲ್ ಮತ್ತು ಕೂಲೆಂಟ್ ನೋಡಿ. ವೈಪರ್ ಬುಡದ ತರಗೆಲೆ ತೆಗೆಯಿರಿ. ಮಳೆಗಾಲದಲ್ಲಿ ಇಲಿ ವೈರ್ ಕಡಿಯುತ್ತದೆ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿದರೆ ನಿಲ್ಲಿಸಿ, ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ.