ಹೋಟೆಲ್ ಬಾರಿಗೆ ಹೊರಟ ಮಗನಿಗೆ

ನಿನ್ನೆ ರಾತ್ರಿ ಫೋನ್ ಮಾಡಿ, "ದೊಡ್ಡಪ್ಪಾ, ಶುಕ್ರವಾರ ಆಫೀಸಿನೋರೆಲ್ಲ ಸೇರಿ ದೊಡ್ಡ ಹೋಟ್ಲಿನ ಬಾರಿಗೆ ಹೋಗ್ತಾರಂತೆ, ನಾನೇನ್ ಮಾಡ್ಲಿ?" ಅಂತ ಕೇಳಿದೆಯಲ್ಲ, ಆಗ ನಾನು ಬಸ್ಸಿನಲ್ಲಿದ್ದೆ. ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಈಗ ಚಳ್ಳಕೆರೆಯ ಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಬೆಂಗಳೂರಿನಲ್ಲಿ ಬಾರ್ ಕೌಂಟರಿನ ಹಿಂದೆ ನಿಂತವನು ನಾನು. ಈ ವಿಷಯವನ್ನು ನಿನಗೆ ನಾನಲ್ಲದೆ ಇನ್ಯಾರು ಹೇಳಬೇಕು?

ಮೊದಲು ಹಟ್ಟಿಯ ಮಾತು. ನಾವು ಮ್ಯಾಸಬೇಡರು. ಹಿರಿಯರ ಕಟ್ಟಳೆಯಲ್ಲಿ ಕೋಳಿ ತಿನ್ನುವಂತಿಲ್ಲ, ಹೆಂಡ ಮುಟ್ಟುವಂತಿಲ್ಲ, ಹೆಂಡ ಸುರಿಸುವ ಈಚಲ ಗರಿಯ ಚಾಪೆಯ ಮೇಲೂ ಕೂರುವಂತಿಲ್ಲ. ದೇವರ ಎತ್ತು ಕಾಯುವ ಕಿಲಾರಿಗಳನ್ನು ನೋಡುತ್ತಾ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಬಾರ್ ಕೆಲಸಕ್ಕೆ ಸೇರಿದ ಸುದ್ದಿ ಊರು ಮುಟ್ಟಿದಾಗ ಅವ್ವ ಮೂರು ತಿಂಗಳು ನನ್ನ ಸಂಗಡ ಮಾತು ಬಿಟ್ಟಿದ್ದಳು. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸಿ ನಮ್ಮನ್ನು ಸಾಕಿದವಳು ಅವಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: "ಅಳತೆ ನಿನ್ನ ಕೈಯಾಗೈತೋ, ಇಲ್ಲೋ?" ಆ ಪ್ರಶ್ನೆಗೆ ದಿನಾ ಉತ್ತರ ಕೊಡುತ್ತಲೇ ನಾನು ಮೂವತ್ತೊಂದು ವರ್ಷ ಕಳೆದೆ. ಈಗ ಅದನ್ನೇ ನಿನಗೆ ದಾಟಿಸುತ್ತಿದ್ದೇನೆ.

ಹೋಗಬೇಕು ಅನ್ನಿಸಿದರೆ ಹೋಗು. ಕುಡಿಯುವುದು ಬೇಡ ಅನ್ನಿಸಿದರೆ "ನಾನು ತಗೊಳ್ಳಲ್ಲ" ಎಂದು ಒಂದೇ ಸಲ ಹೇಳು, ಕಾರಣ ಕೊಡಲು ಹೋಗಬೇಡ. ಕಾರಣ ಕೊಟ್ಟರೆ ವಾದ ಶುರುವಾಗುತ್ತದೆ. ಫ್ರೆಶ್ ಲೈಮ್ ಸೋಡಾ ಕೇಳು. ಒಳ್ಳೆಯ ಬಾರ್‌ಟೆಂಡರ್ ಅದನ್ನೂ ಮಾರ್ಟಿನಿಯಷ್ಟೇ ಶ್ರದ್ಧೆಯಿಂದ ಮಾಡುತ್ತಾನೆ. ನಾನು ಹಾಗೆಯೇ ಮಾಡಿಕೊಟ್ಟಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣ ಯಾವುದೂ ಇಲ್ಲ ಅಂತ. ಇದನ್ನು ನಿನ್ನಿಂದ ಮುಚ್ಚಿಟ್ಟು ಮುಂದಿನ ಮಾತು ಆಡಲಾರೆ.

ಇಷ್ಟು ಕೇಳಿದ ಮೇಲೂ ಒಂದು ಲೋಟದ ರುಚಿ ನೋಡುವ ಮನಸ್ಸಿದ್ದರೆ, ಅದನ್ನು ಒಂದು ಕಸುಬಾಗಿ ನೋಡು. ಮೊಳಕಾಲ್ಮುರಿನ ನಿನ್ನ ಗೆಳೆಯನ ಮನೆಯಲ್ಲಿ ಮಗ್ಗದ ಪಕ್ಕ ಗಂಟೆಗಟ್ಟಲೆ ಕೂತವನು ನೀನು. ಹಾಸು ಹೊಕ್ಕು ತಪ್ಪಿದರೆ ರೇಷ್ಮೆ ಸೀರೆ ಏನಾಗುತ್ತದೆ ಎಂಬುದು ನಿನಗೆ ಗೊತ್ತು. ಕಾಕ್‌ಟೇಲ್ ಕೂಡ ಹಾಗೆ. ನೆಗ್ರೋನಿಗೆ ಜಿನ್, ಕಂಪಾರಿ, ಸಿಹಿ ವರ್ಮೂತ್ ಮೂರೂ 30 ಎಂಎಲ್. ಒಂದು ಹೆಚ್ಚಾದರೂ ಕಹಿಯೋ ಸಿಹಿಯೋ ಮೇಲೆದ್ದು ಉಳಿದೆರಡನ್ನು ತುಳಿಯುತ್ತದೆ. ಓಲ್ಡ್ ಫ್ಯಾಷನ್ಡ್‌ನಲ್ಲಿ ವಿಸ್ಕಿ, ಚೂರು ಸಕ್ಕರೆ, ಬಿಟರ್ಸ್‌ನ ಎರಡು ಮೂರು ಹನಿ, ಕಿತ್ತಳೆ ಸಿಪ್ಪೆ, ಅಷ್ಟೇ. ನಿಂಬೆರಸ ಇರುವುದನ್ನು ಶೇಕರಿನಲ್ಲಿ ಕುಲುಕಬೇಕು. ಬರೀ ಮದ್ಯಗಳದ್ದಾದರೆ ಉದ್ದ ಚಮಚದಿಂದ ಮೆಲ್ಲಗೆ ತಿರುವಬೇಕು. ಹಾಗೆ ತಿರುವುವಾಗ ಐಸ್ ಕರಗಿ ಸೇರುವ ನೀರೂ ರುಚಿಯ ಒಂದು ಪಾಲು. ಎಷ್ಟು ನೀರು ಸಾಕು ಎಂದು ಲೋಹದ ಪಾತ್ರೆಯ ತಂಪನ್ನು ಬೆರಳಲ್ಲೇ ಅಳೆಯುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಇದೆಲ್ಲ ಬರೀ ಪರದೇಶದ ವಿದ್ಯೆ ಅಂತ ಹಿಂಜರಿಯಬೇಡ. ಪಂಚ್ ಎನ್ನುವ ಪೇಯದ ಹೆಸರು ನಮ್ಮ 'ಪಂಚ'ದಿಂದಲೇ ಬಂತೆಂದು ಬಹಳ ಜನ ನಂಬುತ್ತಾರೆ. ಸಾರಾಯಿ, ಸಕ್ಕರೆ, ನಿಂಬೆ, ನೀರು, ಮಸಾಲೆ, ಹೀಗೆ ಐದು. ಈಸ್ಟ್ ಇಂಡಿಯಾ ಕಂಪನಿಯವನೊಬ್ಬನ 1632ರ ಪತ್ರದಲ್ಲಿ ಆ ಹೆಸರು ಬರುತ್ತದೆ. ಜಿನ್ ಅಂಡ್ ಟಾನಿಕ್ ಹುಟ್ಟಿದ್ದಕ್ಕೂ ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ಗೂ ನಂಟಿದೆ. ದೊಡ್ಡ ಹೋಟೆಲ್ಲುಗಳ ಮಾತೂ ಅಷ್ಟೇ. ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲ್ 1887ರಲ್ಲಿ ಬ್ರಾನ್ಸನ್ ಎಂಬಾಕೆ ನಡೆಸಿದ ಹತ್ತು ಕೋಣೆಗಳ ವಸತಿಗೃಹವಾಗಿತ್ತು. ಇವತ್ತು ಅಂಥ ಹೋಟೆಲಿನ ಮರಗಳ ನೆರಳಲ್ಲಿ ನಡೆಯುವಾಗ, ಇದು ನನ್ನ ಜಾಗವಲ್ಲ ಎಂದು ಮೈ ಹಿಡಿಮಾಡಿಕೊಳ್ಳುವ ಅಗತ್ಯ ನಿನಗಿಲ್ಲ.

ಕೌಂಟರಿನ ಬಳಿ ಕೂರು. ಸಂಜೆ ಆರೂವರೆ ಏಳರೊಳಗೆ ಹೋದರೆ ಗದ್ದಲವಿರುವುದಿಲ್ಲ, ಬಾರ್‌ಟೆಂಡರ್‌ಗೆ ನಿನ್ನ ಜೊತೆ ಮಾತಾಡಲು ಪುರುಸೊತ್ತಿರುತ್ತದೆ. ಹೆಸರು ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಕೇಳಬೇಡ. "ಇದು ನನ್ನ ಮೊದಲ ಸಲ, ಇದರಲ್ಲಿ ಏನೇನಿದೆ?" ಅಂತ ಕೇಳು. ಆ ಮಾತು ಕೇಳಿದಾಗೆಲ್ಲ ನನಗೆ ಖುಷಿಯಾಗುತ್ತಿತ್ತು. ಅವನ ಹೆಸರನ್ನೂ ಕೇಳು. ಸಿಂಗಪುರದ ರಾಫಲ್ಸ್ ಹೋಟೆಲಿನ ಸಿಂಗಪುರ್ ಸ್ಲಿಂಗ್ ಕಾಕ್‌ಟೇಲಿನ ಹೆಸರು ಲೋಕಕ್ಕೆಲ್ಲ ಗೊತ್ತು, ಅದನ್ನು ಮಾಡಿದ ಙಿಯಾಮ್ ಟೊಂಗ್ ಬೂನ್ ಎಷ್ಟು ಜನಕ್ಕೆ ಗೊತ್ತು? ನಮ್ಮ ಕಡೆ ಹಾಗಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ನೋಡಲು ನಿಮ್ಮ ಶಾಲೆಯಿಂದ ಕರೆದುಕೊಂಡು ಹೋಗಿದ್ದರಲ್ಲ. ತಂದೆತಾಯಿಯ ಮಾತು ಕೇಳಿ, ಜೀವಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಎಂಬ ಚಕ್ರವರ್ತಿಯ ಕಿವಿಮಾತು ಅದರಲ್ಲಿದೆ. ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಕೈಕೆಲಸ ಮಾಡಿದವನ ಹೆಸರು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕಲ್ಲಿನ ಮೇಲೆ ಉಳಿದ ಸೀಮೆ ನಮ್ಮದು.

ಇನ್ನು ಅಳತೆ. ನಮ್ಮಲ್ಲಿ ಸಿಗುವ ಜಿನ್, ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. 60 ಎಂಎಲ್ ಹಾಕಿದರೆ ಹತ್ತಿರ ಹತ್ತಿರ 20 ಗ್ರಾಂ. ಅದನ್ನು ಅರಗಿಸಲು ಲಿವರಿಗೆ ಎರಡು ಗಂಟೆಯಾದರೂ ಬೇಕು. ನಿಂಬೆ, ಸಕ್ಕರೆ, ಮಂಜು ಸೇರಿದಾಗ ನಾಲಿಗೆಗೆ ಈ ಲೆಕ್ಕ ಸಿಗುವುದಿಲ್ಲ. ಅದಕ್ಕೇ ಹೇಳುವುದು, ಒಂದು ತಗೋ, ಅದನ್ನೇ ಒಂದು ಗಂಟೆ ಇಟ್ಟುಕೋ, ಪಕ್ಕದಲ್ಲಿ ನೀರಿರಲಿ, ಹೊಟ್ಟೆಯಲ್ಲಿ ಊಟವಿರಲಿ. ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಮುಟ್ಟಲೇಬೇಡ. ಹೆಸರಿನಲ್ಲಿ ಚಹಾ, ಒಳಗೆ ನಾಲ್ಕೈದು ಬಗೆಯ ಮದ್ಯ. ಅದನ್ನು ಕುಡಿದ ಎಷ್ಟು ಹುಡುಗರನ್ನು ನಾನು ತೋಳು ಹಿಡಿದು ಲಿಫ್ಟಿಗೆ ಹತ್ತಿಸಿದ್ದೇನೋ.

ಚಳ್ಳಕೆರೆ ಎಣ್ಣೆ ಊರು ಎಂದರೆ ಅಲ್ಲಿ ಯಾರಾದರೂ ಬೇರೆ ಅರ್ಥ ಮಾಡಿ ನಕ್ಕಾರು. ಶೇಂಗಾ ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿಯ ನಂತರದ ಹೆಸರು ನಮ್ಮೂರಿನದು ಎನ್ನುತ್ತಿದ್ದ ಕಾಲವನ್ನು ಹೇಳು, ಆ ಮಿಲ್ಲುಗಳಲ್ಲಿ ನಿನ್ನ ಅಜ್ಜಿ ದುಡಿದದ್ದನ್ನು ಹೇಳು. ಸಾರಾಯಿಯ ಕಥೆಯೂ ನೆನಪಿರಲಿ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಅದಕ್ಕೆ ಮೊದಲು ಪ್ಯಾಕೆಟ್ಟಿನ ಹಿಂದೆ ಹೊಲ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹರಳಿನ ಲೋಟದಲ್ಲಿ ಬಂದದ್ದೂ ಪ್ಯಾಕೆಟ್ಟಿನಲ್ಲಿ ಬಂದದ್ದೂ ರಕ್ತಕ್ಕೆ ಇಳಿದ ಮೇಲೆ ಒಂದೇ.

ನಿನ್ನ ಸಂಗಡ ಬಂದ ಹೆಣ್ಣುಮಕ್ಕಳಿಗಾಗಲಿ ಹುಡುಗರಿಗಾಗಲಿ ಇನ್ನೊಂದು ತಗೋ ಎಂದು ಒತ್ತಾಯ ಮಾಡಬೇಡ. ಯಾರಿಗಾದರೂ ಜಾಸ್ತಿಯಾದರೆ ಒಬ್ಬರನ್ನೇ ಬಿಟ್ಟು ಬರಬೇಡ. ಬೈಕನ್ನು ಅವತ್ತು ರೂಮಿನಲ್ಲೇ ನಿಲ್ಲಿಸು. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ಕಟ್ಟಬಹುದು ಮಗಾ. ಹಿರಿಯೂರು ರಸ್ತೆಯಲ್ಲಿ ಬಿದ್ದು ಹೋದ ನಮ್ಮ ಹಟ್ಟಿಯ ಇಬ್ಬರು ಹುಡುಗರು ತಿರುಗಿ ಬರಲಿಲ್ಲ.

ನಿನ್ನ ಅವ್ವ ಕೇಳಿದರೆ ಸುಳ್ಳು ಹೇಳಬೇಡ. ಹಟ್ಟಿಗೆ ಬಂದಾಗ ಹಟ್ಟಿಯ ಕಟ್ಟಳೆ ಮೀರಬೇಡ. ಶುಕ್ರವಾರ ರಾತ್ರಿ ರೂಮು ಸೇರಿದ ಮೇಲೆ ನನಗೊಂದು ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.