ಓಡುವಾಗ ಬಿದ್ದ ಮಗುವಿಗೆ ಒಂದು ಇಸಿಜಿ ಸಾಲದು

ಕೆರೂರ, ಬಾದಾಮಿ, ಇಳಕಲ್ ಕಡೆ ಮಗು ಎಚ್ಚರ ತಪ್ಪಿ ಬಿದ್ದರೆ ಉಳ್ಳಾಗಡ್ಡಿ ಮೂಸಿಸಿ, ಕೈಗೆ ಕಬ್ಬಿಣ ಕೊಡುವುದು ರೂಢಿ. ಬಿಸಿಲಲ್ಲಿ ಸಾಲಾಗಿ ನಿಂತು ಕಣ್ಣು ಕತ್ತಲೆಗಟ್ಟಿ ಬಿದ್ದವರು ಬಹುಮಟ್ಟಿಗೆ ಮಲಗಿಸಿದೊಡನೆ ಚೇತರಿಸಿಕೊಳ್ಳುತ್ತಾರೆ. ಆದರೆ ಖೊಖೊ ಆಡುವಾಗ, ಓಟದ ನಡುವೆ ಅಥವಾ ಬೆಚ್ಚಿಬಿದ್ದೊಡನೆ ಕುಸಿದ ಮಗುವಿಗೆ ಹೃದಯದ ತೊಂದರೆ ಇಲ್ಲವೆಂದು ಖಚಿತವಾಗುವವರೆಗೆ ಇದೆಯೆಂದೇ ನಡೆಯಬೇಕು.

ಇದಕ್ಕೆ ಕಾರಣ ಹೃದಯದ ಸ್ನಾಯುಕೋಶದೊಳಗಿದೆ. ಪ್ರತಿ ಬಡಿತದಲ್ಲೂ ಹೊರಗಿನಿಂದ ತುಸು ಕ್ಯಾಲ್ಸಿಯಂ ಒಳಬಂದು, ಒಳಗಿನ ಸಂಗ್ರಹದ ಬಾಗಿಲು ತೆರೆಸುತ್ತದೆ. ಅಲ್ಲಿಂದ ಬಿಡುಗಡೆಯಾದ ಕ್ಯಾಲ್ಸಿಯಂ ಸ್ನಾಯುವನ್ನು ಕುಗ್ಗಿಸುತ್ತದೆ. ಬಳಿಕ ಬಹುಪಾಲು ಸಂಗ್ರಹಕ್ಕೆ ಮರಳುತ್ತದೆ, ಮಿಕ್ಕದ್ದನ್ನು ಕೋಶ ಹೊರಹಾಕುತ್ತದೆ. ಒಂದು ಕ್ಯಾಲ್ಸಿಯಂ ಹೊರಹೋದರೆ ಮೂರು ಸೋಡಿಯಂ ಒಳಬರುತ್ತವೆ. ಹೋದದ್ದು ಎರಡು ಧನ ವಿದ್ಯುದಂಶ, ಬಂದದ್ದು ಮೂರು. ಹಾಗಾಗಿ ಒಳಮುಖವಾಗಿ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತದೆ. ಸಿಪಿವಿಟಿ ಎಂಬ ವಂಶವಾಹಿ ಕಾಯಿಲೆಯಲ್ಲಿ ಸಂಗ್ರಹದ ಬಾಗಿಲು ಎರಡು ಬಡಿತಗಳ ನಡುವೆಯೂ ಸೋರುತ್ತದೆ. ಓಟ, ಭಯದಿಂದ ಅಡ್ರಿನಲಿನ್ ಏರಿದಾಗ ಸೋರಿಕೆ ಹೆಚ್ಚಿ, ಆ ಪ್ರವಾಹವೇ ಅಕಾಲದ ಬಡಿತಗಳನ್ನು ಹುಟ್ಟಿಸಿ ಹೃದಯದ ಲಯ ಕೆಡಿಸುತ್ತದೆ.

‘ಇಸಿಜಿ ನಾರ್ಮಲ್ ಬಂದಿದೆಯಲ್ಲ’ ಎನ್ನುವವರಿಗೆ ಉತ್ತರ ಇಲ್ಲೇ ಇದೆ: ಮಲಗಿದ ಮಗುವಿನಲ್ಲಿ ಅಡ್ರಿನಲಿನ್ ಕಡಿಮೆ, ಆದ್ದರಿಂದ ಈ ಕಾಯಿಲೆಯಲ್ಲಿ ಇಸಿಜಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೈಕಾಲು ಸೆಳೆತ ಕಂಡು ಮೂರ್ಛೆರೋಗವೆಂದು ವರ್ಷಗಟ್ಟಲೆ ಮಾತ್ರೆ ನುಂಗಿಸುವುದೂ ಉಂಟು. ಸುಮಾರು 10,000 ಜನರಲ್ಲಿ ಒಬ್ಬರಿಗೆ ಬರುವ ಅಪರೂಪದ ಕಾಯಿಲೆ ನಮಗೇಕೆ ಬಂದೀತು ಎಂಬ ಆಕ್ಷೇಪವೂ ಇದೆ. ಇದರ ಒಂದು ಬಗೆಯಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ರೋಗ. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಮದುವೆಯಾಗುವ ನಮ್ಮ ಕಡೆ ಆ ಸಾಧ್ಯತೆ ಹೆಚ್ಚು.

ಮಗು ಬಿದ್ದಾಗ ಕರೆದರೂ ಓಗೊಡದೆ, ಉಸಿರೂ ಸರಿಯಾಗಿ ಆಡದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಲಿ. ಚೇತರಿಸಿಕೊಂಡ ಮೇಲೆ, ಬೀಳುವ ಮುನ್ನ ಏನು ಮಾಡುತ್ತಿತ್ತು, ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ದಿಢೀರ್ ತೀರಿಕೊಂಡವರು ಇದ್ದಾರೆಯೇ ಎಂದು ಚೀಟಿಯಲ್ಲಿ ಬರೆಯಿರಿ. ವೈದ್ಯರಿಗೆ ಈ ಚೀಟಿ ಇಸಿಜಿಯಷ್ಟೇ ಮುಖ್ಯ. ತಜ್ಞರು ನೋಡುವವರೆಗೆ ಓಟ, ಈಜು ಬಂದ್. ಬಾಗಲಕೋಟೆ ಅಥವಾ ಹುಬ್ಬಳ್ಳಿಯ ಹೃದ್ರೋಗ ತಜ್ಞರಲ್ಲಿ ಟ್ರೆಡ್‌ಮಿಲ್ ಪರೀಕ್ಷೆಯ ಬಗ್ಗೆ ಕೇಳಿ. ಮನೆಯಲ್ಲೇ ಓಡಿಸಿ ನೋಡಬೇಡಿ. ರೋಗ ಖಚಿತವಾದರೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಯನ್ನು ಜಾತ್ರೆಗೆ ಹೋದ ದಿನವೂ ತಪ್ಪಿಸಬಾರದು. ಒಡಹುಟ್ಟಿದವರು ಗಟ್ಟಿಮುಟ್ಟಾಗಿ ಕಂಡರೂ ಅವರನ್ನೂ ಪರೀಕ್ಷೆಗೆ ಕರೆದೊಯ್ಯಿರಿ.